ತುಟಿ ನೋಡುವ ಕಿಟಕಿ

ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಆ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಒಂದು ಸ್ಟೀಲ್ ಫ್ಲಾಸ್ಕು. ಹೆಡ್ ಕಾನ್‌ಸ್ಟೇಬಲ್ ಎದುರಿನ ಮೇಜಿನ ಮೇಲೆ ಅದನ್ನಿಟ್ಟು, ಮುಚ್ಚಳದ ಮೇಲಿನ ಕೈ ತೆಗೆಯದೆ ನಿಂತಳು.

“ಇದ್ರಲ್ಲಿ ಏನೋ ಬೆರೆಸಿದಾರೆ. ಪರೀಕ್ಷೆ ಮಾಡಿಸಿ.”

“ಮೊದಲು ಕೂತ್ಕೊಳಮ್ಮ. ಯಾರು ಬೆರೆಸಿದ್ದು, ಯಾರಿಗೆ?”

“ನಮ್ಮನೆಯವರಿಗೆ. ಮೇಸ್ತ್ರಿ ಕೊಟ್ಟ ಟೀ.”

“ಟೀ ಚೆನ್ನಾಗಿಲ್ಲ ಅಂತ ಕೇಸು ಹಾಕೋಕಾಗಲ್ಲಮ್ಮ,” ಎಂದು ಅಭ್ಯಾಸಬಲದಿಂದ ಅಂದ ಹೆಡ್, ಅವಳ ಮುಖ ನೋಡಿ ಉಳಿದ ಮಾತನ್ನು ನುಂಗಿಕೊಂಡ.

“ಅವರ ತುಟಿ ನೀಲಿಯಾಗಿದೆ ಸಾರ್. ಉಗುರೂ ನೀಲಿ. ಬೆಳಗಿನ ಜಾವ ಎಬ್ಬಿಸಿದ್ರೆ ಏಳಲಿಲ್ಲ. ಆಸ್ಪತ್ರೆಗೆ ಸೇರಿಸಿ ನೇರ ಇಲ್ಲಿಗೇ ಬಂದಿದೀನಿ.”

ಇನ್ಸ್‌ಪೆಕ್ಟರ್ ಒಳಕೋಣೆಯಿಂದ ಹೊರಗೆ ಬಂದರು. ಐವತ್ತರ ಹತ್ತಿರದ ಹೆಂಗಸು. ಎದುರಿನವರು ಮಾತು ಮುಗಿಸುವ ತನಕ ಕಾಯುವುದು ಅವರ ಪದ್ಧತಿ. ಆ ಕಾಯುವಿಕೆಗೇ ಎಷ್ಟೋ ಜನ ಬಾಯಿಬಿಟ್ಟಿದ್ದುಂಟು. ಅವರು ಕುರ್ಚಿ ಎಳೆದು ಅವಳ ಪಕ್ಕದಲ್ಲೇ ಕುಳಿತರು.

ಗಂಡ ಬಣ್ಣದ ಕಾರ್ಖಾನೆಯಲ್ಲಿ ಡ್ರಮ್ಮು ಎತ್ತುವವನು. ಇಬ್ಬರು ಹೊರುವುದನ್ನು ಒಬ್ಬನೇ ಎತ್ತುತ್ತಾನೆಂದು ಎಲ್ಲರೂ ಅವನನ್ನು ಪೈಲ್ವಾನ ಎನ್ನುತ್ತಾರೆ. ಕಳೆದ ವಾರ ಮೇಸ್ತ್ರಿಗೂ ಅವನಿಗೂ ಜೋರು ಮಾತಾಗಿತ್ತು. ನಿನ್ನೆ ಸಂಜೆ ಅದೇ ಮೇಸ್ತ್ರಿ ಕರೆದು ಫ್ಲಾಸ್ಕಿಗೆ ಟೀ ಹಾಕಿಕೊಟ್ಟಿದ್ದ. ಹೇಳಿದ್ದಿಷ್ಟು. ವಿಷ ಉಣಿಸಿ ಕೊಲ್ಲುವ ಯತ್ನ ಎಂದು ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ಇನ್ಸ್‌ಪೆಕ್ಟರ್ ‘ಗೊತ್ತಿಲ್ಲ’ ಎಂದೇ ಬರೆಸಿದರು. ಫ್ಲಾಸ್ಕನ್ನು ಪಂಚರ ಎದುರು ಅರಗು ಮುದ್ರೆ ಹಾಕಿ ಪ್ರಯೋಗಾಲಯಕ್ಕೆ ಕಳಿಸಲಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಗಾಜಿನ ನಳಿಕೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಳಗಿದ್ದದ್ದು ರಕ್ತವೆಂದು ಹೇಳದಿದ್ದರೆ ತಿಳಿಯುತ್ತಿರಲಿಲ್ಲ. ಚಾಕೊಲೇಟಿನ ಬಣ್ಣ.

“ಶ್ವಾಸಕೋಶ ಸರಿಯಾಗಿದೆ. ಆಕ್ಸಿಜನ್ ಎಷ್ಟು ಬೇಕೋ ಅಷ್ಟು ಕೊಡ್ತಿದೀವಿ. ಆದ್ರೆ ಅದನ್ನ ಹೊರಬೇಕಾದ ರಕ್ತ ಹೊರ್ತಿಲ್ಲ. ಬಣ್ಣದ ಕಾರ್ಖಾನೆ ಅಂದ ತಕ್ಷಣ ಗೊತ್ತಾಯ್ತು. ಪ್ಯಾರಾ ನೈಟ್ರೋ ಅನಿಲಿನ್ ಅಂತ ಒಂದು ಹಳದಿ ಪುಡಿ ಬರುತ್ತೆ ಅಲ್ಲಿ. ರಕ್ತಾನ ಹೀಗೆ ಕೆಡಿಸೋದು ಅದೇ.”

“ಟೀಯಲ್ಲಿ ಹಾಕಿರಬಹುದಾ?”

“ಹಾಕಬಹುದು. ನುಂಗಲೇಬೇಕು ಅಂತೇನಿಲ್ಲ. ಚರ್ಮದ ಮೇಲೆ ಬಿದ್ರೂ ಒಳಗೆ ಹೋಗುತ್ತೆ. ಅದಕ್ಕೇ ಬಟ್ಟೆಯೆಲ್ಲ ತೆಗೆಸಿ, ಮೈ ತೊಳೆಸಿ, ಆಮೇಲೆ ಔಷಧಿ ಕೊಟ್ವಿ. ನೀಲಿಯಾದವನಿಗೆ ನೀಲಿ ಔಷಧಿನೇ. ಈಗ ಪರವಾಗಿಲ್ಲ.”

ಪೈಲ್ವಾನ ಮಂಚದ ಉದ್ದಕ್ಕೂ ತುಂಬಿಕೊಂಡಿದ್ದ. ಮಾಸ್ಕಿನ ಕೆಳಗಿನಿಂದ ನಿಧಾನವಾಗಿ ಮಾತಾಡಿದ.

“ಟೀ ಎಲ್ರೂ ಕುಡಿದ್ವಿ ಮೇಡಂ. ಮೇಸ್ತ್ರಿ ಬೈತಾನೆ, ವಿಷ ಹಾಕೋ ಅಷ್ಟು ಧೈರ್ಯ ಇಲ್ಲ ಅವನಿಗೆ.”

“ಕೈಗೆ ಗ್ಲೌಸ್ ಹಾಕಿದ್ಯಾ ನಿನ್ನೆ?”

ಅವನು ನಕ್ಕ. ನಗುವಾಗಲೂ ತುಟಿಯ ಅಂಚಿನಲ್ಲಿ ಬೂದಿಬಣ್ಣ ಉಳಿದಿತ್ತು.

ಮಧ್ಯಾಹ್ನ ಇನ್ಸ್‌ಪೆಕ್ಟರೂ ಹೆಡ್ಡೂ ಕಾರ್ಖಾನೆಗೆ ಹೋದರು. ಉದ್ದನೆಯ ಶೆಡ್ಡು, ಒಂದು ಬದಿಗೆ ಸಾಲಾಗಿ ಡ್ರಮ್ಮುಗಳು, ತೂಕದ ಕಟ್ಟೆಯ ಮೇಲೆ ಗಾಳಿ ಎಳೆಯುವ ತಗಡಿನ ಕೊಳವೆಯ ಬಾಯಿ. ನೆಲ ಒದ್ದೆ. ತೂಕ ಹಾಕುತ್ತಿದ್ದ ಮೂವರಲ್ಲಿ ಇಬ್ಬರ ಕೈಗೆ ಗ್ಲೌಸು ಇರಲಿಲ್ಲ. ಸಂದುಗೊಂದಿನಲ್ಲೆಲ್ಲ ತೊಳೆದರೂ ಹೋಗದ ಹಳದಿ.

ಬಾಗಿಲ ಪಕ್ಕದ ಕೋಣೆಯಲ್ಲಿ ಒಬ್ಬ ಮುದುಕ ರಬ್ಬರ್ ಗ್ಲೌಸಿಗೆ ಗಾಳಿ ತುಂಬಿ, ಬಾಯಿ ತಿರುಚಿ ಹಿಡಿದು, ಬಕೆಟ್ಟಿನ ನೀರಿನಲ್ಲಿ ಮುಳುಗಿಸುತ್ತಿದ್ದ. ಗುಳ್ಳೆ ಎದ್ದರೆ ಆ ಗ್ಲೌಸು ತೂತಾಗಿದೆ ಎಂದರ್ಥ; ಕತ್ತರಿಸಿ ಬುಟ್ಟಿಗೆ ಎಸೆಯುತ್ತಿದ್ದ. ಸುರಕ್ಷತೆಯ ಹೊಣೆ ಅವನದು. ಎಲ್ಲರಿಗೂ ಅವನು ಗ್ಲೌಸ್ ತಾತ.

“ಬಲೂನಾ ತಾತ?” ಎಂದ ಹೆಡ್.

“ಹೂಂ. ನಿಮ್ಮ ಹುಟ್ಟುಹಬ್ಬಕ್ಕೆ.”

ಗೋಡೆಯ ಗೂಡಿನಲ್ಲಿ ಗಾಜಿನ ಜಾಡಿಯೊಂದು ಕಂಡಿತು. ಒಳಗೆ ಕಣ್ಣು ಕುಕ್ಕುವ ಹಳದಿ ಪುಡಿ. ಜಾಡಿಯ ಭುಜದ ಮೇಲೆ ದೂಳು ಕೂತಿದ್ದರೂ ಮುಚ್ಚಳಕ್ಕೆ ಸುತ್ತಿದ ಟೇಪು ಹೊಸದಾಗಿ ಹೊಳೆಯುತ್ತಿತ್ತು. ಹೆಡ್ ಕೈ ಚಾಚಿದ್ದೇ ತಡ, ತಾತ ಆ ಕೈಯನ್ನು ತಟ್ಟಿ ಹಿಂದಕ್ಕೆ ಸರಿಸಿದ.

“ಹೊಸಬರಿಗೆ ತೋರಿಸೋಕೆ ಇಟ್ಟಿರೋದು. ಮುಟ್ಟೋಕಲ್ಲ.”

“ಇದನ್ನ ಹೇಗೆ ಬಳಸ್ಬೇಕು, ಹೇಳಿ,” ಎಂದರು ಇನ್ಸ್‌ಪೆಕ್ಟರ್.

ತಾತ ಕೈ ಒರೆಸಿಕೊಂಡು ಎದ್ದು ನಿಂತ. ಸಾವಿರ ಸಲ ಹೇಳಿದ್ದನ್ನು ಮೊದಲ ಸಲವೆಂಬಂತೆ ಹೇಳುವ ಭಕ್ತಿ ಅವನ ದನಿಯಲ್ಲಿತ್ತು.

“ಒಣಗಿದ ಪುಡಿ ಗಾಳಿಗೆ ಏಳುತ್ತೆ. ನೀರು ಚಿಮುಕಿಸಿ ಒದ್ದೆ ಮಾಡ್ಕೊಂಡೇ ತೆಗೀಬೇಕು. ಪೊರಕೆ ಕೂಡದು, ಒದ್ದೆ ಬಟ್ಟೆಲಿ ಒರೆಸ್ಬೇಕು. ಗ್ಲೌಸು, ತುಂಬುತೋಳು, ಮೂಗಿಗೆ ಮಾಸ್ಕು. ಇಲ್ಲಿ ಹಾಕಿದ ಬಟ್ಟೆ ಮನೆಗೆ ಹೋಗಕೂಡದು. ಕೆಲಸ ಮುಗಿದ ಮೇಲೆ ತಣ್ಣೀರು, ಸೋಪು. ಬಿಸಿನೀರು ಬೇಡವೇ ಬೇಡ.”

“ಯಾಕೆ?”

“ಬಿಸಿಗೆ ರಕ್ತ ಚರ್ಮದ ಹತ್ರಕ್ಕೆ ಬರುತ್ತೆ. ಚರ್ಮ ಅಂದ್ರೆ ಜರಡಿ ಮೇಡಂ. ನಾವು ಗೋಡೆ ಅಂದ್ಕೊಂಡಿದೀವಿ ಅಷ್ಟೆ.”

ಕೋಣೆಯಾಚೆ ಒಂದು ದೊಡ್ಡ ಕಿಟಕಿ. ಕೆಳಗೆ ನೆಲದ ಮೇಲೆ ಎದುರುಬದುರಾಗಿ ಎರಡು ಜೋಡಿ ಹೆಜ್ಜೆಯ ಗುರುತು ಬರೆದಿತ್ತು.

“ಅದು ತುಟಿ ನೋಡೋ ಜಾಗ. ಮನೆಗೆ ಹೊರಡೋ ಮುಂಚೆ ಇಬ್ಬಿಬ್ಬರು ನಿಂತು ಒಬ್ಬರ ತುಟಿ ಒಬ್ಬರು ನೋಡ್ಬೇಕು, ಉಗುರು ನೋಡ್ಬೇಕು. ನೀಲಿ ಕಂಡ್ರೆ ಹೊರಗೆ ಬಿಡಲ್ಲ.”

“ಒಂದು ಕನ್ನಡಿ ಇಟ್ರೆ ಆಗ್ತಿತ್ತಲ್ಲ,” ಎಂದ ಹೆಡ್.

“ಕನ್ನಡಿ ಮುಂದೆ ನಿಂತವನು ತಲೆ ಬಾಚ್ಕೋತಾನೆ.”

“ನಿನ್ನೆ ಪೈಲ್ವಾನನ ತುಟಿ ಯಾರು ನೋಡಿದ್ದು?” ಎಂದರು ಇನ್ಸ್‌ಪೆಕ್ಟರ್.

“ನಾನೇ. ಅವನ ಜೋಡಿ ನಾನು.”

“ಹೇಗಿತ್ತು?”

“ಕೆಂಪಗಿತ್ತು.” ತಾತ ಮತ್ತೆ ಬಕೆಟ್ಟಿನ ಮೇಲೆ ಬಾಗಿದ. ಅವರು ಬಾಗಿಲು ದಾಟುವಾಗ ಹಿಂದಿನಿಂದ ಕೇಳಿದ: “ಆಸ್ಪತ್ರೆಲಿ ಚೆನ್ನಾಗಿ ತೊಳೆದಿದಾರಾ? ಬೆನ್ನೂ?”

“ತೊಳೆದಿದಾರಂತೆ.”

ಮೇಸ್ತ್ರಿ ಕೈಕಟ್ಟಿಕೊಂಡೇ ಉತ್ತರ ಕೊಟ್ಟ.

“ಜಗಳ ಆಡಿದ್ದು ನಿಜ. ಒಬ್ಬನೇ ಡ್ರಮ್ಮು ಎತ್ತಬೇಡ ಅಂದೆ. ನಿನ್ನನ್ನೂ ಮೇಲೆ ಕೂರಿಸ್ಕೊಂಡು ಎತ್ತೀನಿ ಅಂದ. ನಾನು ಸುಮ್ನಿರ್ತೀನಾ?”

“ಟೀ?”

“ಒಂದೇ ಪಾತ್ರೆ. ನಾನೂ ಕುಡಿದಿದೀನಿ. ನೀಲಿ ಆಗಿದೀನಾ ನೋಡಿ.”

“ಅಲ್ಲಿ ಇಬ್ರು ಬರಿಗೈಲಿ ತೂಕ ಹಾಕ್ತಿದಾರೆ.”

ಮೇಸ್ತ್ರಿ ಆ ಕಡೆ ನೋಡಲಿಲ್ಲ. “ಹೇಳ್ತೀವಿ. ಕೇಳಲ್ಲ. ತಾತ ಬಂದ ಮೇಲೆ ಇಲ್ಲಿ ಒಬ್ಬನ ತುಟಿಯೂ ನೀಲಿಯಾಗಿಲ್ಲ ಮೇಡಂ. ಮುದುಕ ಸುಮ್ನೆ ಗುಮ್ಮ ತೋರಿಸ್ತಾನೆ ಅಂತ ಹುಡುಗ್ರು ನಗ್ತಾರೆ. ಆ ಕಿಟಕಿ ಹತ್ರ ಈಗ ನಿಲ್ಲೋದು ತಾತ, ಪೈಲ್ವಾನ ಇಬ್ರೇ. ಅವನೂ ಮುದುಕನ ಮನಸ್ಸು ನೋಯಬಾರ್ದು ಅಂತ ನಿಲ್ತಾನೆ. ಗ್ಲೌಸು ಮಾತ್ರ ಹಾಕಲ್ಲ, ಡ್ರಮ್ಮು ಜಾರುತ್ತಂತೆ. ಅವನನ್ನ ನೋಡಿ ಮಿಕ್ಕವರೂ ಹಾಕಲ್ಲ.”

ಮರುದಿನ ಬೆಳಿಗ್ಗೆ ಠಾಣೆಯ ಫೋನು ಎರಡು ಸಲ ಹೊಡೆದುಕೊಂಡಿತು. ಮೊದಲನೆಯದು ಪ್ರಯೋಗಾಲಯದಿಂದ: ಫ್ಲಾಸ್ಕಿನಲ್ಲಿ ಟೀ ಬಿಟ್ಟು ಬೇರೇನೂ ಇಲ್ಲ. ಎರಡನೆಯದು ಆಸ್ಪತ್ರೆಯಿಂದ: ಪೈಲ್ವಾನ ಮತ್ತೆ ನೀಲಿಯಾಗಿದ್ದಾನೆ.

ವಾರ್ಡಿನ ಬಾಗಿಲಲ್ಲೇ ಡಾಕ್ಟರು ಎದುರಾದರು. ನಿನ್ನೆಯ ನೆಮ್ಮದಿ ಅವರ ಮುಖದಲ್ಲಿ ಇರಲಿಲ್ಲ.

“ನಿನ್ನೆ ಸಂಜೆ ಹಾಸಿಗೆ ಮೇಲೆ ಎದ್ದು ಕೂತಿದ್ದ ಮನುಷ್ಯ. ಈಗ ಕರೆದ್ರೆ ಕಣ್ಣು ಬಿಡ್ತಿಲ್ಲ. ಈ ಔಷಧಿಗೂ ಒಂದು ಮಿತಿ ಇದೆ ಮೇಡಂ. ಮಿತಿ ದಾಟಿದ್ರೆ ವಿಷ ಮಾಡೋ ಕೆಲಸವನ್ನೇ ಇದೂ ಮಾಡುತ್ತೆ. ಇನ್ನೊಂದು ಸಲ ಕೊಡಬಲ್ಲೆ. ಅದಾದ ಮೇಲೂ ವಿಷ ಒಳಗೆ ಹೋಗ್ತಾನೇ ಇದ್ರೆ ನನ್ನ ಕೈಲಿ ಏನೂ ಇಲ್ಲ. ಎಲ್ಲಿಂದ ಬರ್ತಿದೆ, ಅದನ್ನ ಹುಡುಕಿ.”

“ಮೈ ತೊಳೆದಿದೆ. ಬಟ್ಟೆ ಆಸ್ಪತ್ರೆದು. ಹಾಗಾದ್ರೆ ಬಾಯಿಂದ.”

“ಇರಬೇಕು.”

“ತಿನ್ನೋಕೆ ಕೊಡೋರು ಯಾರು?”

ಡಾಕ್ಟರು ಕಾರಿಡಾರಿನ ಬೆಂಚಿನ ಕಡೆ ನೋಡಿದರು. ಹೆಂಡತಿ ಖಾಲಿ ಹಾಲಿನ ಲೋಟ ಹಿಡಿದು ಕುಳಿತಿದ್ದಳು.

ಲೋಟ ಜಪ್ತಿಯಾಯಿತು. ಬ್ರೆಡ್ಡಿನ ಪೊಟ್ಟಣ ಜಪ್ತಿಯಾಯಿತು. ಬಿಳಿ ಹೊದಿಕೆಗಳನ್ನು ಪೇರಿಸಿಟ್ಟಿದ್ದ ಕೋಣೆಯೊಳಗೆ ಇನ್ಸ್‌ಪೆಕ್ಟರ್ ಅವಳನ್ನು ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿದರು. ಗೋಡೆಯಾಚೆ ಪೈಲ್ವಾನನ ಮಂಚದ ಪಕ್ಕದ ಯಂತ್ರದ ಕೂಗು ಒಂದೇ ಸಮನೆ ಕೇಳುತ್ತಿತ್ತು.

“ನಿನ್ನೆಯಿಂದ ಅವನಿಗೆ ಏನೇನು ಕೊಟ್ಟೆ?”

“ಹಾಲು, ಬ್ರೆಡ್ಡು. ಅಷ್ಟೆ.” ಅವಳಿಗೆ ಪ್ರಶ್ನೆಯ ಅರ್ಥ ಆಮೇಲೆ ಹೊಳೆಯಿತು. “ಮೇಡಂ, ಕಂಪ್ಲೇಂಟು ಕೊಟ್ಟವಳೇ ನಾನು.”

“ಕೊಟ್ಟವರೇ ಮಾಡಿದ್ದನ್ನೂ ನೋಡಿದೀನಿ. ಯಾರು ಬಂದಿದ್ರು ಅವನನ್ನ ನೋಡೋಕೆ?”

“ಗ್ಲೌಸ್ ತಾತ ಒಬ್ರೇ. ನಿನ್ನೆ ಸಂಜೆ.”

“ಏನು ತಂದಿದ್ರು?”

“ಬರಿಗೈಲಿ ಬಂದ್ರು. ಒಳಗೂ ಹೋಗಲಿಲ್ಲ. ನನ್ನನ್ನೇ ಹೊರಗೆ ಕರೆದ್ರು.”

“ಕರೆದು?”

ಅವಳು ಹೊದಿಕೆಯೊಂದರ ಅಂಚನ್ನು ಮಡಚತೊಡಗಿದಳು. ಇನ್ಸ್‌ಪೆಕ್ಟರ್ ಕಾಯತೊಡಗಿದರು. ಗೋಡೆಯಾಚೆಯ ಕೂಗು ಒಂದು ಕ್ಷಣ ತಡವರಿಸಿ ಮತ್ತೆ ಶುರುವಾಯಿತು. ಇವತ್ತು ಕಾಯುವಷ್ಟು ವ್ಯವಧಾನ ಇರಲಿಲ್ಲ.

“ನೋಡಮ್ಮ, ನೀನು ಮುಚ್ಚಿಡ್ತಿರೋದು ಅವನಿಗಿಂತ ದೊಡ್ಡದಾ?”

“ಪಟ್ಟಿ ಎಲ್ಲಿ ಅಂತ ಕೇಳಿದ್ರು,” ಎಂದಳು. “ಸೊಂಟದ ಪಟ್ಟಿ. ಇವರಿಗೆ ಒಂದು ವರ್ಷದಿಂದ ಬೆನ್ನು ನೋವು. ಫ್ಯಾಕ್ಟರಿಲಿ ಗೊತ್ತಾದ್ರೆ ಪೈಲ್ವಾನ ಅಂದವರೇ ಆಡ್ಕೋತಾರೆ ಅಂತ ಅಂಗಿ ಒಳಗೆ ಕಟ್ಕೋತಾರೆ. ಯಾರಿಗೂ ಹೇಳಬೇಡ ಅಂತ ನನ್ನ ಹತ್ರ ಆಣೆ ಹಾಕಿಸಿದಾರೆ. ಅಲ್ಲಿ ಒಬ್ರಿಗೂ ಗೊತ್ತಿಲ್ಲ.”

“ತಾತನಿಗೆ ಏನಂದೆ?”

“ಯಾವ ಪಟ್ಟಿ, ಅಂಥದ್ದೇನೂ ಇಲ್ಲ ಅಂದೆ. ಫ್ಯಾಕ್ಟರಿಯವರು ಪತ್ತೆ ಮಾಡೋಕೆ ಕಳಿಸಿದಾರೆ ಅಂದ್ಕೊಂಡೆ. ನಿಜ ಹೇಳು ಮಗಳೇ ಅಂತ ಇನ್ನೊಂದು ಸಲ ಕೇಳಿದ್ರು. ಆಗಲೂ ಇಲ್ಲ ಅಂದೆ.”

“ಆ ಪಟ್ಟಿ ಈಗ ಎಲ್ಲಿದೆ?”

“ಆಸ್ಪತ್ರೆಯವರು ಬಟ್ಟೆ ಜೊತೆ ಬಿಚ್ಚಿ ನನ್ನ ಕೈಗೆ ಕೊಟ್ಟಿದ್ರು. ರಾತ್ರಿ ನೋವು ಅಂತ ಮಗ್ಗಲು ಬದಲಾಯಿಸೋಕಾಗದೆ ಒದ್ದಾಡಿದ್ರು. ದಿನಾ ಮನೇಲಿ ಮಾಡೋ ಹಾಗೆ ಮುಲಾಮು ತಿಕ್ಕಿ, ಬಿಸಿನೀರಿನ ಚೀಲ ಇಟ್ಟು…”

“ಪಟ್ಟಿ ಎಲ್ಲಿ?”

“ಅವರ ಮೈಮೇಲೇ ಇದೆ.”

ಇನ್ಸ್‌ಪೆಕ್ಟರ್ ಬಾಗಿಲು ತೆರೆದ ರಭಸಕ್ಕೆ ಹೊದಿಕೆಯ ಪೇರಿಕೆ ಜಾರಿ ನೆಲಕ್ಕೆ ಬಿತ್ತು.

ನಾಲ್ವರು ಸೇರಿ ಆ ಭಾರಿ ದೇಹವನ್ನು ಮಗ್ಗಲಿಗೆ ಹೊರಳಿಸಿದರು. ಆಸ್ಪತ್ರೆಯ ಅಂಗಿಯ ಒಳಗೆ ಅಗಲವಾದ ಬಟ್ಟೆಯ ಪಟ್ಟಿ ಬಿಗಿಯಾಗಿ ಕೂತಿತ್ತು. “ಡಾಕ್ಟ್ರು ಬರೆದಿದ್ದು ಅಂದ್ಕೊಂಡೆ,” ಎಂದಳು ನರ್ಸು. ಡಾಕ್ಟರು ಎರಡೆರಡು ಗ್ಲೌಸು ತೊಟ್ಟು ಕತ್ತರಿಯಿಂದ ಕತ್ತರಿಸಿದರು. ಬೆನ್ನಿನ ಮೇಲೆಲ್ಲ ಹಳದಿ. ಆದರೆ ಮುಲಾಮೂ ಹಳದಿಯೇ, ಆದ್ದರಿಂದ ಕಂಡವರಿಗೆ ಅನುಮಾನ ಬಂದಿರಲಿಲ್ಲ. ತಣ್ಣೀರು, ಸೋಪು, ಮತ್ತೆ ತಣ್ಣೀರು, ಸೋಪು. ಆಮೇಲೆ ಉಳಿದಿದ್ದ ಆ ಒಂದು ಸಲದ ಔಷಧಿ. ಗೋಡೆಗೊರಗಿ ನಿಂತ ಹೆಂಡತಿಯ ತುಟಿ ಅಲುಗುತ್ತಿತ್ತು. ಯಾವ ದೇವರನ್ನು ಕರೆಯುತ್ತಿದ್ದಳೋ.

ಅದೇ ಕೋಣೆಯ ಮೂಲೆಯಲ್ಲಿ ಜಪ್ತಿ ಪಂಚನಾಮೆ ನಡೆಯಿತು. ಹೆಡ್ ಬರೆದುಕೊಂಡ: ಪಟ್ಟಿಯ ಹೊರಮೈಯಲ್ಲಿ ಪುಡಿಯ ಕಲೆ ಇಲ್ಲ. ಒಳಮೈಯ ಒಂದು ಕಡೆ ಹೊಲಿಗೆ ಬಿಚ್ಚಿದ್ದು, ಪದರದ ಒಳಗೆ ಹಳದಿ ಪುಡಿ ಮುಲಾಮಿನ ಜಿಡ್ಡಿನೊಂದಿಗೆ ಕಲೆತು ಕೆಸರಾಗಿದೆ. ಒಂದರೊಳಗೊಂದು ಎರಡು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುದ್ರೆ ಹಾಕಿದೆ.

“ಶೆಡ್ಡಿನಲ್ಲಿ ತಾನಾಗಿ ಅಂಟಿದ್ರೆ ಹೊರಗೆ ಇರ್ತಿತ್ತು,” ಎಂದರು ಇನ್ಸ್‌ಪೆಕ್ಟರ್. “ಯಾರೋ ಒಳಗೆ ಇಟ್ಟಿದಾರೆ. ಅಲ್ಲಿ ಯಾರಿಗೂ ಗೊತ್ತಿಲ್ಲದ ಪಟ್ಟಿಯನ್ನ ಕೇಳ್ಕೊಂಡು ಬಂದವರು ಒಬ್ರೇ. ಆ ಜಾಡಿ ಮೇಲೆ ದೂಳು ಹಳೇದು, ಟೇಪು ಹೊಸದು.”

“ತಾತನಾ ಮೇಡಂ?” ಎಂದ ಹೆಡ್. ಅವನಿಗೆ ಆ ಮಾತು ರುಚಿಸಲಿಲ್ಲ. “ಗುಳ್ಳೆ ನೋಡಿ ಗ್ಲೌಸ್ ಎಸೆಯೋ ಮನುಷ್ಯ.”

ಅವರು ಕೂಡಲೇ ಹೊರಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಹೊರಗೆ ಬಂದು, “ಇಳೀತಿದೆ. ಈ ಸಲ ನಿಲ್ಲುತ್ತೆ,” ಎಂದ ಮೇಲೆಯೇ ಜೀಪು ಕಾರ್ಖಾನೆಯ ಕಡೆ ತಿರುಗಿತು.

ಗ್ಲೌಸ್ ಕೋಣೆಯಲ್ಲಿ ತಾತ ಕೈಗಳನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿಕೊಂಡು ಸುಮ್ಮನೆ ಕುಳಿತಿದ್ದ. ಕೈಯಲ್ಲಿ ಗ್ಲೌಸು ಇರಲಿಲ್ಲ. ಪೈಲ್ವಾನ ಮತ್ತೆ ನೀಲಿಯಾದ ಸುದ್ದಿ ಅವನಿಗೂ ಆಗಷ್ಟೇ ಮುಟ್ಟಿತ್ತು. ಸಮವಸ್ತ್ರ ಕಂಡು ಎದ್ದು ನಿಂತ.

“ಪಟ್ಟಿ ಬಿಚ್ಚಿದ್ರಾ?”

ಇನ್ಸ್‌ಪೆಕ್ಟರ್ ಕೇಳಬೇಕಾದ ಪ್ರಶ್ನೆ ಅಲ್ಲಿಗೇ ಮುಗಿದಿತ್ತು. “ಬಿಚ್ಚಿದ್ವಿ.”

“ಉಳೀತಾನಾ?”

“ಉಳೀತಾನೆ.”

ಮುದುಕ ಬಕೆಟ್ಟಿನ ಪಕ್ಕ ನೆಲದ ಮೇಲೆ ಕುಳಿತ. ಒದ್ದೆ ಕೈಗಳನ್ನು ಮುಖಕ್ಕೆ ಒತ್ತಿಕೊಂಡ.

“ನಿನ್ನೆ ನನ್ನೆದುರು ನಿಂತು ಮಾತಾಡಿದ್ರಿ. ಆಗಲೇ ಯಾಕೆ ಹೇಳಲಿಲ್ಲ?”

“ಮೈ ತೊಳೆದಿದಾರೆ ಅಂದ್ರಿ. ಪಟ್ಟಿನೂ ಹೋಗಿರುತ್ತೆ ಅಂದ್ಕೊಂಡೆ. ಮನಸ್ಸು ತಡೀಲಿಲ್ಲ, ಸಂಜೆ ಹೋಗಿ ಕೇಳಿದೆ. ಇಲ್ಲ ಅಂದ್ಲು. ಬಿಸಾಕಿರಬೇಕು, ಇನ್ನು ಅವನೂ ಉಳೀತಾನೆ, ನಾನೂ ಉಳೀತೀನಿ ಅಂತ…” ಅವನು ಅಲ್ಲಿಗೆ ನಿಲ್ಲಿಸಿದ. “ನಾನೂ ಉಳೀತೀನಿ ಅಂತ ಅಂದ್ಕೊಂಡಿದ್ದೇ ತಪ್ಪಾಯ್ತು ಮೇಡಂ.”

ಹೇಳಿಕೆಯನ್ನು ಹೆಡ್ ಬರೆದುಕೊಳ್ಳುತ್ತ ಹೋದ. ಮೊನ್ನೆ ಸಂಜೆ ಕೆಲಸ ಮುಗಿಸಿ ಪೈಲ್ವಾನ ಕಾರ್ಖಾನೆಯಲ್ಲೇ ಸ್ನಾನಕ್ಕೆ ಹೋದಾಗ, ಗೂಟಕ್ಕೆ ತೂಗುಹಾಕಿದ ಬಟ್ಟೆಯ ಹಿಂದೆ ಮಡಚಿಟ್ಟಿದ್ದ ಪಟ್ಟಿ ತಾತನಿಗೆ ಕಂಡಿತ್ತು. ಜಾಡಿ ತೆಗೆದು, ಎರಡು ಚಿಟಿಕೆಯಷ್ಟು ಪುಡಿಯನ್ನು ಹೊಲಿಗೆ ಬಿಚ್ಚಿದ ಪದರದೊಳಗೆ ಹಾಕಿದ್ದ. ಒಣ ಬಟ್ಟೆಯ ಮೂಲಕ ಎಷ್ಟು ಇಳಿದೀತು, ಎಷ್ಟು ಹೊತ್ತು ಹಿಡಿದೀತು ಎಂದು ಲೆಕ್ಕ ಹಾಕಿದ್ದ. ರಾತ್ರಿ ತಲೆನೋವು, ಬೆಳಿಗ್ಗೆ ನೀಲಿ ತುಟಿ, ಅಷ್ಟೇ ಆಗಬೇಕಿತ್ತು. ಮನೆಯಲ್ಲಿ ಹೆಂಡತಿ ದಿನವೂ ಬೆನ್ನಿಗೆ ಮುಲಾಮು ತಿಕ್ಕುತ್ತಾಳೆ, ಆ ಜಿಡ್ಡಿನಲ್ಲಿ ಪುಡಿ ಕರಗುತ್ತದೆ, ಮೇಲೆ ಬಿಸಿನೀರಿನ ಚೀಲ ಇಡುತ್ತಾಳೆ ಎಂಬುದು ಅವನ ಲೆಕ್ಕದಲ್ಲಿ ಇರಲಿಲ್ಲ. ಬಿಸಿ ಕೂಡದು ಎಂದು ಬಂದವರಿಗೆಲ್ಲ ಹೇಳುತ್ತಿದ್ದವನು ಅದನ್ನೇ ಮರೆತಿದ್ದ.

“ಅವನೇ ಯಾಕೆ?” ಎಂದರು ಇನ್ಸ್‌ಪೆಕ್ಟರ್.

“ಎಲ್ರಿಗಿಂತ ಗಟ್ಟಿ ಅವನು. ತಡ್ಕೋತಾನೆ ಅಂತ.” ಮುಖದ ಮೇಲಿನ ನೀರು ಒರೆಸಿಕೊಂಡು ಸೇರಿಸಿದ: “ಅವನ ತುಟಿ ನೀಲಿಯಾದ್ರೆ ಎಲ್ರೂ ನಂಬ್ತಾರೆ. ನನ್ನ ಮಾತು ಯಾರೂ ನಂಬಲಿಲ್ಲ.”

ಬಂಧನದ ಕಾಗದಕ್ಕೆ ತಾತ ರುಜು ಹಾಕಿದ. ಹೆಡ್ ಮೇಲೆಬ್ಬಿಸಲೆಂದು ತೋಳು ಹಿಡಿದಾಗ ತಾತ ಅವನ ಕೈಯನ್ನೇ ನೋಡಿ ಕೇಳಿದ: “ಪಟ್ಟಿ ಮುಟ್ಟಿದ ಕೈ ತೊಳೆದಿದೀರಾ?”

“ಗ್ಲೌಸ್ ಹಾಕಿದ್ದೆ ತಾತ.”

“ಆದ್ರೂ.”

ಹೆಡ್ ನಲ್ಲಿಯ ಬಳಿ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತಣ್ಣೀರಿನಲ್ಲಿ ತೊಳೆದುಕೊಂಡು ಬಂದ. ಬರುವಾಗ ನೋಡಿದ: ಶೆಡ್ಡಿನ ಹುಡುಗರು ಕೋಣೆಯ ಬಾಗಿಲಲ್ಲಿ ಸಾಲು ನಿಂತಿದ್ದರು, ಗ್ಲೌಸಿಗಾಗಿ. ಒಬ್ಬನೂ ನಗುತ್ತಿರಲಿಲ್ಲ. ಅಷ್ಟು ಜನಕ್ಕೆ ಸಾಲುವಷ್ಟು ಗ್ಲೌಸು ಆ ಕೋಣೆಯಲ್ಲಿ ಇರಲಿಲ್ಲ.

ಆ ಸಂಜೆ ಉದ್ದೇಶದ ಕಾಲಮ್ಮಿನಲ್ಲಿ ಇನ್ಸ್‌ಪೆಕ್ಟರ್ ‘ಹೆದರಿಸುವುದಕ್ಕಾಗಿ’ ಎಂದು ಬರೆದು ಸ್ವಲ್ಪ ಹೊತ್ತು ಪೆನ್ನು ಹಿಡಿದೇ ಕುಳಿತಿದ್ದರು. ವರ್ಷಗಳ ಕಾಲ ಆ ಶೆಡ್ಡಿನಲ್ಲಿ ಕೆಡುಕಾಗದಂತೆ ಒಬ್ಬ ಮನುಷ್ಯ ಕಾದಿದ್ದ. ಏನೂ ಆಗದ್ದರಿಂದಲೇ ಅಲ್ಲಿ ಏನೂ ಆಗುವುದಿಲ್ಲವೆಂದು ಜನ ತಿಳಿದರು. ಸಂಜೆ ಮನೆಗೆ ಹೋದವನು ಬೆಳಿಗ್ಗೆ ತಿರುಗಿ ಬಂದರೆ ಅದನ್ನು ಯಾರೂ ಪವಾಡ ಎನ್ನುವುದಿಲ್ಲ. ಭಗವಂತನಾದರೋ ಅಂಥ ಕೃತಘ್ನತೆಯನ್ನು ದಿನವೂ ಸಹಿಸಿಕೊಂಡು ಸೂರ್ಯನನ್ನು ಹುಟ್ಟಿಸುತ್ತಾನೆ. ಮುದುಕನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಇದನ್ನು ಬರೆಯಲು ಕಾಲಮ್ಮಿನಲ್ಲಿ ಜಾಗ ಇರಲಿಲ್ಲ.

ಮಾರನೆಯ ದಿನ ನ್ಯಾಯಾಧೀಶರ ಮುಂದೆ ಹಾಜರುಪಡಿಸುವ ಮುನ್ನ ವೈದ್ಯಕೀಯ ತಪಾಸಣೆಗೆಂದು ತಾತನನ್ನು ಅದೇ ಆಸ್ಪತ್ರೆಗೆ ಕರೆತಂದರು. ಕಾರಿಡಾರಿನ ಕೊನೆಯಲ್ಲಿ ಗಾಲಿಕುರ್ಚಿಯಲ್ಲಿ ಪೈಲ್ವಾನ ಕುಳಿತಿದ್ದ. ಹೆಂಡತಿ ಇವರನ್ನು ಕಂಡು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಲು ಹ್ಯಾಂಡಲ್ ಹಿಡಿದಳು. ಅವನು ಗಾಲಿಯನ್ನು ಕೈಯಿಂದ ತಡೆದು, ನಿಧಾನವಾಗಿ ಎದ್ದು ನಿಂತ.

“ತಾತ.”

ಮುದುಕ ತಲೆ ಎತ್ತಲಿಲ್ಲ.

“ನಿಮ್ಮ ಮುಖ ನೋಡಬೇಡಿ ಅಂದಿದಾಳೆ ಇವಳು. ನಾನೂ ನೋಡಲ್ಲ.” ಪೈಲ್ವಾನ ಕಿಟಕಿಯ ಬೆಳಕಿಗೆ ತಿರುಗಿ, ಹೆಬ್ಬೆರಳಿನಿಂದ ಕೆಳತುಟಿಯನ್ನು ಎಳೆದು ಹಿಡಿದ. ಕಣ್ಣು ಎತ್ತಲೋ ಹೊರಗಿತ್ತು. “ನೀವು ನೋಡಿ.”

ಹೆಡ್, ಇನ್ಸ್‌ಪೆಕ್ಟರ್ ಮುಖ ನೋಡಿದ. ಅವರು ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಹೆಡ್ ಹಿಡಿದಿದ್ದ ತೋಳನ್ನು ಸಡಿಲಿಸಿದ.

ತಾತ ಹತ್ತಿರ ಹೋಗಿ, ಎಂದಿನಂತೆ ಕುತ್ತಿಗೆ ಎತ್ತಿ ನೋಡಿದ. ಮೊದಲು ತುಟಿ. ಆಮೇಲೆ ಉಗುರು, ಒಂದೊಂದಾಗಿ, ಮುಟ್ಟದೆ.

“ಕೆಂಪಗಿದೆ,” ಎಂದ. “ಹೋಗಬಹುದು.”